ಗುಡಿಯ ಗಂಟೆ ಹುಡುಕುತ್ತ ಎಫ್‌ಎಂ ಕಲಿತೆ

ಸುಗಮ ಸಂಗೀತದ ಗಾಯಕರಿಗೆ ಕೀಬೋರ್ಡ್ ನುಡಿಸುವುದು ನನ್ನ ಕೆಲಸ. ಶಿವಮೊಗ್ಗದಲ್ಲಿ ಒಂದು ದಾಸರ ಪದದ ರೆಕಾರ್ಡಿಂಗ್ ಇತ್ತು. ಶುರುವಿಗೆ ಗುಡಿಯ ಗಂಟೆ ಒಂದೇ ಸಲ ಹೊಡೆಯಬೇಕು, ಅದರ ಗುಂಗು ಆರುವ ಮೊದಲೇ ತಾನು ಷಡ್ಜ ಹಿಡಿಯಬೇಕು ಅನ್ನುವುದು ಹಾಡುವ ಅಕ್ಕನ ಆಸೆ. ಲ್ಯಾಪ್‌ಟಾಪಿನಲ್ಲಿ ಡೆಕ್ಸೆಡ್ ತೆರೆದು, ಟ್ಯೂಬ್ಯುಲರ್ ಬೆಲ್ ಅನ್ನುವ ಪ್ಯಾಚ್, ಅಂದರೆ ಶಬ್ದದ ಸಿದ್ಧ ಹೊಂದಾಣಿಕೆ, ಹಾಕಿ ಒಂದು ಕೀ ಒತ್ತಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗಿದೆ ಕಣೋ. ಆದ್ರೆ ಇದು ಚರ್ಚಿನ ಗಂಟೆ, ನಮ್ಮ ಗುಡೀದಲ್ಲ."

ಡೆಕ್ಸೆಡ್ ಅಂದರೆ ಯಮಾಹಾ 1983ರಲ್ಲಿ ತಂದ ಡಿಎಕ್ಸ್7 ಸಿಂಥಸೈಸರನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟಿದ ತಂತ್ರಾಂಶ. ನಾದ ಹುಟ್ಟುವುದು ಎಫ್‌ಎಂನಿಂದ, ಅಂದರೆ ಒಂದು ಅಲೆಯಿಂದ ಇನ್ನೊಂದರ ಆವರ್ತನವನ್ನು ಅಲುಗಾಡಿಸುವ ವಿಧಾನದಿಂದ. ಕಾಸಿಲ್ಲದೆ ಸಿಗುತ್ತದೆ. ಹಳೆಯ ಡಿಎಕ್ಸ್7ಗೆ ಮಾಡಿದ ಪ್ಯಾಚ್‌ಗಳನ್ನೆಲ್ಲ ಹಾಗೇ ಓದುತ್ತದೆ. ನಲವತ್ತು ವರ್ಷಗಳಲ್ಲಿ ಜಗತ್ತಿನ ಎಲ್ಲೆಲ್ಲೋ ಕೂತು ಜನ ಮಾಡಿದ ಸಾವಿರಾರು ಪ್ಯಾಚ್‌ಗಳು ಒಂದು ಫೋಲ್ಡರಿನಲ್ಲಿ ನನ್ನ ಬಳಿ ಇದ್ದವು. ಇಷ್ಟರಲ್ಲಿ ನಮ್ಮ ಗಂಟೆ ಇಲ್ಲದೆ ಇರುತ್ತದೆಯೇ ಅಂದುಕೊಂಡೆ.

ಎರಡು ವಾರ ರಾತ್ರಿಯೆಲ್ಲ ಕೂತು ಕೇಳಿದೆ. ಮೂರನೆಯ ದಿನಕ್ಕೇ ಕಿವಿ ಮಂಕಾಯಿತು. ಕೇಳಿದ್ದನ್ನೇ ಬೇರೆ ಹೆಸರಿನಲ್ಲಿ ಮತ್ತೆ ಕೇಳುತ್ತಿದ್ದೇನೆ ಅನ್ನುವ ಅನುಮಾನವೂ ಬಂತು. ಪ್ಯಾಚುಗಳ ಒಂದು ಕಟ್ಟಿಗೆ ಬ್ಯಾಂಕ್ ಅನ್ನುತ್ತಾರೆ; ಅದನ್ನು ಇಡುವ ಸಿಸೆಕ್ಸ್ ಫೈಲು 4104 ಬೈಟ್. ಅದರಲ್ಲಿ 32 ಪ್ಯಾಚ್, ಒಂದೊಂದಕ್ಕೆ 128 ಬೈಟ್. ಆ 128ರಲ್ಲಿ ಕೊನೆಯ 10 ಬೈಟ್ ಬರೀ ಹೆಸರು. ಹೆಸರು ಬಿಟ್ಟು ಮೊದಲ 118 ಬೈಟ್ ಮಾತ್ರ ಹೋಲಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು ಓಡಿಸಿದೆ. ಅರ್ಧಕ್ಕಿಂತ ಹೆಚ್ಚು ಪ್ಯಾಚ್ ಉದುರಿಹೋದವು. ಉಳಿದವುಗಳಲ್ಲಿ ಗಂಟೆಗಳೆಲ್ಲ ಟ್ಯೂಬ್ಯುಲರ್ ಬೆಲ್ಲಿನ ನೆಂಟರೇ. ಹುಡುಕುವುದನ್ನು ಅಲ್ಲಿಗೆ ಬಿಟ್ಟೆ. ಪ್ಯಾಚ್‌ಗಳನ್ನು ಬಿಚ್ಚಿ ನೋಡಲು ಕೂತೆ.

ಮೊದಲು ಬಿಚ್ಚಿದ್ದು ಎಲ್ಲರೂ ಬಲ್ಲ ಎಲೆಕ್ಟ್ರಿಕ್ ಪಿಯಾನೊ, ಕಾರ್ಖಾನೆಯಿಂದಲೇ ಬಂದದ್ದು. ಡಿಎಕ್ಸ್7ರಲ್ಲಿ ಒಂದು ಪ್ಯಾಚಿಗೆ ಆರು ಆಪರೇಟರ್. ಪ್ರತಿಯೊಂದೂ ಒಂದು ಸೈನ್ ಅಲೆ ಮತ್ತು ಅದರದೇ ಎನ್ವಲಪ್, ಅಂದರೆ ಹೊತ್ತು ಸರಿದಂತೆ ಅಲೆಯ ಮಟ್ಟ ಏರಿಳಿಯುವ ಬಗೆ. ಯಾವುದು ಯಾವುದನ್ನು ಅಲುಗಾಡಿಸಬೇಕು ಅನ್ನುವ ಜೋಡಣೆಗೆ ಅಲ್ಗಾರಿದಂ ಅನ್ನುತ್ತಾರೆ, ಅಂಥವು 32. ನಮ್ಮ ಕಿವಿಗೆ ನೇರ ಬರುವುದು ಕ್ಯಾರಿಯರ್, ಅದನ್ನು ಅಲುಗಾಡಿಸುವುದು ಮಾಡ್ಯುಲೇಟರ್. ಈ ಪಿಯಾನೊ ಇರುವುದು 5ನೆಯ ಅಲ್ಗಾರಿದಂನಲ್ಲಿ, ಅಂದರೆ ಮೂರು ಪ್ರತ್ಯೇಕ ಜೋಡಿ. ಒಂದೊಂದೇ ಆಪರೇಟರ್ ಆಫ್ ಮಾಡುತ್ತ ಅದೇ ಸ್ವರ ನುಡಿಸಿದೆ. 2ನೆಯದನ್ನು ಆಫ್ ಮಾಡಿದ ಕೂಡಲೇ ಶುರುವಿನ ಆ 'ಟಿಣ್' ಮಾಯ! ಅದರ ಅನುಪಾತ ನೋಡಿದರೆ 14. ಮೂಲ ಸ್ವರದ ಹದಿನಾಲ್ಕು ಪಟ್ಟು ವೇಗದಲ್ಲಿ ಅಲುಗಾಡಿಸಿ, ಲೋಹದ ಕಡ್ಡಿಗೆ ಸುತ್ತಿಗೆ ತಾಗಿದ ಭಾವ ತಂದಿದ್ದಾರೆ. ಅಷ್ಟು ವರ್ಷ ನುಡಿಸಿದ ಶಬ್ದದ ಒಳಗನ್ನು ಅವತ್ತು ಮೊದಲ ಸಲ ಕೇಳಿದೆ. ಹೊಸದಾಗಿ ಕಲಿಯುವವರಿಗೆ ನಾನು ಈಗಲೂ ಹೇಳುವುದು ಇದನ್ನೇ: ಖಾಲಿ ಪ್ಯಾಚಿನಿಂದ ಶುರು ಮಾಡಬೇಡಿ, ಇಷ್ಟವಾದ ಒಂದನ್ನು ಹಿಡಿದು ಆಪರೇಟರ್‌ಗಳ ಬಾಯಿ ಮುಚ್ಚುತ್ತ ಹೋಗಿ.

ಈ ಎಫ್‌ಎಂ ವಿಧಾನದ ಮೂಲ ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಅವರಲ್ಲಿದೆ. 1967ರಲ್ಲಿ ಅವರು ಕಂಪ್ಯೂಟರಿನಲ್ಲಿ ವೈಬ್ರಾಟೊ ಜೊತೆ ಪ್ರಯೋಗ ಮಾಡುತ್ತಿದ್ದರು. ಕಂಪನದ ವೇಗ ಏರುತ್ತ ಹೋದಂತೆ ಕಿವಿಗೆ ಕಂಪನ ಕೇಳುವುದು ನಿಂತು, ನಾದದ ಬಣ್ಣವೇ ಬದಲಾಯಿತು. 1973ರಲ್ಲಿ ಪ್ರಬಂಧ ಬರೆದರು, ಮುಂದೆ ಯಮಾಹಾ ಅದರ ಹಕ್ಕು ಪಡೆಯಿತು. ಆ ಪ್ರಬಂಧದಲ್ಲಿ ಗಂಟೆಯ ನಾದಕ್ಕೆ ಅವರು ಕೊಟ್ಟ ಅನುಪಾತ 1:1.4.

ಆ ಸಂಖ್ಯೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿದೆ. ಕ್ಯಾರಿಯರ್ 200 ಹರ್ಟ್ಸ್, ಮಾಡ್ಯುಲೇಟರ್ 280. 200ಕ್ಕೆ 280 ಕೂಡಿಸುತ್ತ, ಕಳೆಯುತ್ತ ಹೋಗಬೇಕು; ಸೊನ್ನೆಗಿಂತ ಕೆಳಗಿಳಿದದ್ದು ತಿರುಗಿ ಮೇಲೆ ಬರುತ್ತದೆ. ಸಿಗುವುದು 80, 200, 360, 480, 640, 760. 200 ಒಂದನ್ನು ಬಿಟ್ಟರೆ ಇವು ಯಾವುವೂ 200ರ ಪೂರ್ಣ ಪಟ್ಟುಗಳಲ್ಲ, ಅದಕ್ಕೇ ಕಿವಿ ಇದನ್ನು ಲೋಹ ಅಂತ ಗುರುತಿಸುತ್ತದೆ. ಮಾಡ್ಯುಲೇಟರನ್ನು 400 ಮಾಡಿದರೆ 200, 600, 1000, 1400 ಬಂದು, 200ರ ಬೆಸ ಪಟ್ಟುಗಳಾದ ಹಾರ್ಮೋನಿಕ್‌ಗಳು ಮಾತ್ರ ಉಳಿದು, ಕ್ಲಾರಿನೆಟ್ಟಿನ ಕಡೆ ವಾಲುತ್ತದೆ. ಈ ಒಂದು ಲೆಕ್ಕ ಕೈಗೆ ಬಂದಮೇಲೆ ಪ್ಯಾಚಿನ ಅನುಪಾತ ನೋಡಿಯೇ ಅದು ಹೇಗೆ ಕೇಳೀತು ಅಂತ ಊಹಿಸುವುದು ಸಾಧ್ಯವಾಯಿತು.

ಆಮೇಲೆ ನಮ್ಮ ಬೀದಿಯ ಗುಡಿಗೆ ಹೋಗಿ, ಅರ್ಚಕರನ್ನು ಕೇಳಿಕೊಂಡು, ಮಧ್ಯಾಹ್ನ ಜನವಿಲ್ಲದ ಹೊತ್ತಿನಲ್ಲಿ ಗಂಟೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮನೆಯಲ್ಲಿ ಹತ್ತಾರು ಸಲ ಕೇಳಿದಾಗ ಮೂರು ಸಂಗತಿ ತಿಳಿದವು. ಹೊಡೆತದ ಚುರುಕು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮೇಲಿನ ನಾದಗಳು ಬೇಗ ಆರಿ, ಕೆಳಗಿನದು ಬಹಳ ಹೊತ್ತು ಉಳಿಯುತ್ತದೆ. ಉಳಿದದ್ದೂ ಒಂದೇ ಸಮ ನಿಲ್ಲದೆ 'ಊಂ... ಊಂ...' ಅಂತ ತೂಗುತ್ತದೆ. ಎರಕದ ಗಂಟೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಹಾಗಾಗಿ ಒಂದೇ ನಾದ ತುಸು ವ್ಯತ್ಯಾಸದ ಎರಡಾಗಿ ಒಡೆದು ಒಂದಕ್ಕೊಂದು ತಾಗುತ್ತದೆ. ಟ್ಯೂಬ್ಯುಲರ್ ಬೆಲ್ ಪ್ಯಾಚಿನಲ್ಲಿ ಅಕ್ಕನಿಗೆ ಸಿಗದೆ ಹೋದದ್ದು ಮುಖ್ಯವಾಗಿ ಈ ತೂಗಾಟವೇ ಅಂತ ನನಗನ್ನಿಸುತ್ತದೆ.

ಅದೇ 5ನೆಯ ಅಲ್ಗಾರಿದಂ ತೆಗೆದುಕೊಂಡೆ. ಎರಡು ಜೋಡಿಗೆ 1:1.4 ಕೊಟ್ಟು, ಸ್ವರವನ್ನು ಕೂದಲೆಳೆಯಷ್ಟು ಸರಿಸುವ ಡಿಟ್ಯೂನನ್ನು ಒಂದರಲ್ಲಿ ಮೇಲಕ್ಕೂ ಇನ್ನೊಂದರಲ್ಲಿ ಕೆಳಕ್ಕೂ ಎಳೆದೆ. ತೂಗಾಟ ಬಂತು. ಮೂರನೆಯ ಜೋಡಿ ಹೊಡೆತಕ್ಕೆ. ಅದರ ಮಾಡ್ಯುಲೇಟರಿಗೆ 3.5ರ ಅನುಪಾತ ಬೇಕಿತ್ತು. ಅನುಪಾತವನ್ನು ದೊಡ್ಡ ಹೆಜ್ಜೆಯಲ್ಲಿ ಬದಲಿಸುವ ಕೋರ್ಸ್ 3 ಇಟ್ಟು, ಸಣ್ಣ ಹೆಜ್ಜೆಯ ಫೈನ್ ತಿರುಗಿಸಿದರೆ 3.48 ಆದಮೇಲೆ 3.51ಕ್ಕೆ ಹಾರುತ್ತದೆ. ಫೈನ್ ಕೂಡಿಸುವುದಿಲ್ಲ, ಗುಣಿಸುತ್ತದೆ. ಹಾಗಾಗಿ ಕೋರ್ಸ್ 2, ಫೈನ್ 75 ಇಟ್ಟರೆ ಸರಿಯಾಗಿ 3.50.

ಹೆಚ್ಚು ಹೊತ್ತು ಹಿಡಿದದ್ದು ಎನ್ವಲಪ್. ನಾಲ್ಕು ರೇಟ್, ನಾಲ್ಕು ಲೆವೆಲ್. ಲೆವೆಲ್ ಅಂದರೆ ಮುಟ್ಟಬೇಕಾದ ಮಟ್ಟ; ರೇಟ್ ಅಂದರೆ ಅಲ್ಲಿಗೆ ಹೋಗುವ ಸಮಯವಲ್ಲ, ವೇಗ. ಸಂಖ್ಯೆ ದೊಡ್ಡದಾದಷ್ಟೂ ಬೇಗ. ಮಾಡ್ಯುಲೇಟರ್ ಕ್ಯಾರಿಯರಿಗಿಂತ ಬೇಗ ಇಳಿಯಬೇಕು, ಆಗಲೇ ಮೇಲಿನ ನಾದಗಳು ಮೊದಲು ಆರುವುದು. ಮೂರನೆಯ ಲೆವೆಲ್ ಸೊನ್ನೆ ಇರಬೇಕು, ಇಲ್ಲದಿದ್ದರೆ ಕೀ ಒತ್ತಿರುವ ತನಕ ಗಂಟೆ ನಿಲ್ಲುವುದೇ ಇಲ್ಲ. ಕ್ಯಾರಿಯರ್‌ಗಳ ನಾಲ್ಕನೆಯ ರೇಟ್ ನಿಧಾನವಿರಬೇಕು, ಕೀಯಿಂದ ಬೆರಳು ತೆಗೆದರೆ ಗಂಟೆಯನ್ನು ಕೈಯಿಂದ ಹಿಡಿದಂತೆ ಕೇಳಬಾರದು. ಮಾಡ್ಯುಲೇಟರಿನ ಔಟ್‌ಪುಟ್ ಲೆವೆಲನ್ನು ಮಾತ್ರ ಒಂದೊಂದೇ ಅಂಕ ಬದಲಿಸಿ: ಸುಮಾರು 8 ಅಂಕ ಏರಿದರೆ ಅಲುಗಾಟ ಎರಡು ಪಟ್ಟು. 70ರಲ್ಲಿ ಕಂಚಿನ ಹಾಗಿದ್ದದ್ದು 80 ದಾಟಿದಾಗ ತಗಡಾಯಿತು.

ಗಂಟೆ ಕೇಳಿದ ಅಕ್ಕ, "ಇನ್ನೊಂದ್ಸಲ ಹೊಡಿ" ಅಂದು, ಗುಂಗಿನ ಒಳಗೇ ಷಡ್ಜ ಹಿಡಿದು ನೋಡಿದರು. ಶ್ರುತಿ ತಾಗಲಿಲ್ಲ. ಇಂಥ ನಾದದಲ್ಲಿ ಕಿವಿ ಯಾವುದನ್ನು ಮೂಲ ಸ್ವರ ಅಂದುಕೊಳ್ಳುತ್ತದೆ ಅನ್ನುವುದು ಒತ್ತಿದ ಕೀಯ ಮೇಲೆ ನಿಂತಿಲ್ಲ. ಅವರು ಹಾಡುತ್ತಿದ್ದಂತೆ ನಾನು ಗಂಟೆಯ ಸ್ವರ ಏರಿಳಿಸುವ ಟ್ರಾನ್ಸ್‌ಪೋಸ್ ಸರಿಸುತ್ತ ಹೋದೆ. ಕೊನೆಗೆ ಉಳಿಯುವ ಆ ಕೆಳಗಿನ ಗುಂಗು ಅವರ ಷಡ್ಜದ ಮೇಲೆ ಕೂತಾಗ, ಕೈ ಸನ್ನೆ ಮಾಡಿ ನಿಲ್ಲಿಸಿದರು. ಅದೇ ಟೇಕ್ ಉಳಿಯಿತು.

ಈಗ ತಂಬೂರಿಯ ನಾದ ಕಟ್ಟಲು ಕೂತಿದ್ದೇನೆ. ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಮೇಲೆ ತಂತಿಯಡಿ ಇಡುವ ನೂಲೆಳೆಯಿಂದ, ಮೀಟಿದ ಕ್ಷಣಾರ್ಧದ ಮೇಲೆ ನಾದ ಅರಳುತ್ತದಲ್ಲ, ಅದು ಬೇಕು. ಮಾಡ್ಯುಲೇಟರಿನ ಮೊದಲ ಲೆವೆಲ್ ತಗ್ಗಿಸಿ, ಎರಡನೆಯದನ್ನು ಎತ್ತರಿಸಿ, ಅಲ್ಲಿಗೆ ನಿಧಾನ ಏರಿಸುತ್ತಿದ್ದೇನೆ. ಮಂದ್ರ ಷಡ್ಜದಲ್ಲಿ ಹತ್ತಿರ ಬಂದಿದೆ. ಪಂಚಮಕ್ಕೆ ಹೋದರೆ ಇನ್ನೂ ತುಸು ಬೇಗ ಅರಳುತ್ತಿದೆ.