ಲಿನಕ್ಸ್‌ನಲ್ಲಿ ಸಾಮಾನ್ಯ ಯುಎಸ್‌ಬಿ ಡ್ರೈವರ್ ಬಿಡಿಸಿ ನಮ್ಮ ಡ್ರೈವರ್ ಜೋಡಿಸುವ ಬಗೆ

ನಾವು ಬರೆದ ಡ್ರೈವರ್‌ನ ಪಟ್ಟಿಯಲ್ಲಿ ಸಾಧನದ ವೆಂಡರ್ ಐಡಿ ಮತ್ತು ಪ್ರಾಡಕ್ಟ್ ಐಡಿ ಸರಿಯಾಗಿದ್ದರೂ ಅದರ ಪ್ರೋಬ್ ಫಂಕ್ಷನ್ (ಸಾಧನವನ್ನು ಪರೀಕ್ಷಿಸಿ ವಹಿಸಿಕೊಳ್ಳುವ ಭಾಗ) ಒಮ್ಮೆಯೂ ಓಡದೆ ಹೋಗಬಹುದು. ವಿಂಡೋಸ್ ಹೆಚ್ಚು ನಿಖರವಾಗಿ ಹೊಂದುವ ಡ್ರೈವರ್‌ಗೆ ಮೇಲಿನ ಸ್ಥಾನ ಕೊಡುತ್ತದೆ. ಲಿನಕ್ಸ್ ಕರ್ನಲ್, ಇಂಟರ್‌ಫೇಸ್ (ಯುಎಸ್‌ಬಿ ಸಾಧನದ ಒಂದು ಕಾರ್ಯಭಾಗ) ಡ್ರೈವರ್‌ಗಳ ನಡುವೆ ಅಂಥ ತೂಕ ಮಾಡುವುದಿಲ್ಲ. ಮೊದಲು ಹಿಡಿದುಕೊಂಡ ಡ್ರೈವರ್‌ಗೇ ಇಂಟರ್‌ಫೇಸ್ ಸೇರುತ್ತದೆ.

ಉದಾಹರಣೆಗೆ 16ಸಿ0:05ಡಿಎಫ್ ಐಡಿಯ ಅಗ್ಗದ ಯುಎಸ್‌ಬಿ ರಿಲೇ ಬೋರ್ಡನ್ನು ತೆಗೆದುಕೊಳ್ಳೋಣ. ಅದು ಕೀಬೋರ್ಡ್, ಮೌಸ್‌ಗಳಂತೆ ಹಿಡ್ ವರ್ಗದ ಸಾಧನವೆಂದು ತನ್ನನ್ನು ಹೇಳಿಕೊಳ್ಳುವುದರಿಂದ, ಸಿಕ್ಕಿಸಿದ ಕೂಡಲೇ ಯುಎಸ್‌ಬಿಹಿಡ್ ಡ್ರೈವರ್ ಅದನ್ನು ಹಿಡಿಯುತ್ತದೆ. ಹಾಗೆಂದು ಯುಎಸ್‌ಬಿಹಿಡ್ ಮಾಡ್ಯೂಲನ್ನೇ ಕಿತ್ತುಹಾಕಲು ಹೋಗಬೇಡಿ, ಯುಎಸ್‌ಬಿ ಕೀಬೋರ್ಡ್ ಕೂಡ ಅದರೊಂದಿಗೇ ಸತ್ತುಹೋಗುತ್ತದೆ. ಬೇಕಾಗಿರುವುದು ಆ ಒಂದು ಇಂಟರ್‌ಫೇಸನ್ನು ಬಿಡಿಸುವುದು ಮಾತ್ರ.

ಮೊದಲು ನಿಮ್ಮ ಮಾಡ್ಯೂಲನ್ನು ಲೋಡ್ ಮಾಡಿ. ಕರ್ನಲ್ ತನ್ನ ಸಾಧನ, ಡ್ರೈವರ್‌ಗಳನ್ನು ಫೈಲುಗಳಂತೆ ತೋರಿಸುವ ಸಿಸ್ಎಫ್‌ಎಸ್‌ನಲ್ಲಿ ಯುಎಸ್‌ಬಿಹಿಡ್ ಡ್ರೈವರ್‌ನ ಫೋಲ್ಡರ್ ತೆರೆದರೆ 1-2:1.0 ರೀತಿಯ ಹೆಸರುಗಳು ಕಾಣುತ್ತವೆ. ಇದರಲ್ಲಿ 1 ಬಸ್, 2 ಪೋರ್ಟ್, ಕೊನೆಯ ಎರಡು ಅಂಕಿಗಳು ಕಾನ್ಫಿಗರೇಶನ್ ಮತ್ತು ಇಂಟರ್‌ಫೇಸ್. ಬೋರ್ಡಿನ ಹೆಸರನ್ನು ಅಲ್ಲಿರುವ ಅನ್‌ಬೈಂಡ್ ಫೈಲಿಗೂ, ಬಳಿಕ ನಿಮ್ಮ ಡ್ರೈವರ್ ಫೋಲ್ಡರಿನ ಬೈಂಡ್ ಫೈಲಿಗೂ ಬರೆಯಿರಿ. ಸುಡೊ ಜೊತೆ ಎಕೋ ಬಳಸಿ ಅದರ ಔಟ್‌ಪುಟನ್ನು ಫೈಲಿಗೆ ತಿರುಗಿಸಿದರೆ ಅನುಮತಿ ಸಿಗುವುದಿಲ್ಲ, ಏಕೆಂದರೆ ಆ ಫೈಲನ್ನು ತೆರೆಯುವುದು ನಿಮ್ಮ ಶೆಲ್. ಆದ್ದರಿಂದ ಸುಡೊ ಟೀ ಬಳಸಬೇಕು.

ಈ ಬದಲಾವಣೆ ಬೋರ್ಡನ್ನು ಕಿತ್ತರೆ ಅಳಿಯುತ್ತದೆ. ಶಾಶ್ವತವಾಗಿ ಮಾಡಲು ಮಾಡ್‌ಪ್ರೋಬ್ ಸಂರಚನೆಯಲ್ಲಿ ಯುಎಸ್‌ಬಿಹಿಡ್‌ನ ಕ್ವಿರ್ಕ್ಸ್ ಆಯ್ಕೆಗೆ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಹಾಗೂ 0004 ಎಂಬ ಮೌಲ್ಯವನ್ನು ಹೆಕ್ಸ್ ರೂಪದಲ್ಲಿ, ನಡುವೆ ಕೋಲನ್ ಇಟ್ಟು ಕೊಡಿ. 0004 ಎಂದರೆ ಈ ಸಾಧನವನ್ನು ಕಡೆಗಣಿಸು ಎಂದರ್ಥ. ಬೂಟ್ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಚಿತ್ರದಲ್ಲಿ ಯುಎಸ್‌ಬಿಹಿಡ್ ಇದ್ದರೆ ಆ ಚಿತ್ರವನ್ನು ಮರುನಿರ್ಮಿಸಬೇಕು, ಯುಎಸ್‌ಬಿಹಿಡ್ ಕರ್ನಲ್ಲಿನೊಳಗೇ ಸೇರಿದ್ದರೆ ಈ ಆಯ್ಕೆಯನ್ನು ಕರ್ನಲ್‌ನ ಬೂಟ್ ಸಾಲಿನಲ್ಲಿ ಬರೆಯಬೇಕು.

ಇಲ್ಲಿ ನಾನು ಒತ್ತಿ ಹೇಳುವ ಎಚ್ಚರಿಕೆ ಒಂದಿದೆ: 16ಸಿ0:05ಡಿಎಫ್ ಐಡಿಯನ್ನು ವಿ-ಯುಎಸ್‌ಬಿ (ಸಣ್ಣ ಚಿಪ್‌ಗಳಲ್ಲಿ ಸಾಫ್ಟ್‌ವೇರ್ ಮೂಲಕವೇ ಯುಎಸ್‌ಬಿ ನಡೆಸುವ ಕೋಡ್) ಬಳಸುವ ಅನೇಕ ಹವ್ಯಾಸಿ ಸಾಧನಗಳು ಹಂಚಿಕೊಂಡಿರುವುದರಿಂದ, ಈ ಆಯ್ಕೆ ಅವುಗಳನ್ನೂ ಕಡೆಗಣಿಸುತ್ತದೆ. ಅಂಥ ಸಾಧನಗಳು ನಿಮ್ಮಲ್ಲಿದ್ದರೆ ಸಾಧನ ಸಿಕ್ಕಿಸಿದಾಗ ಕೆಲಸ ನಡೆಸುವ ಯುಡೆವ್ ನಿಯಮದಲ್ಲಿ ಪ್ರಾಡಕ್ಟ್ ಹೆಸರನ್ನು ಹೊಂದಿಸಿ ಬೋರ್ಡನ್ನಷ್ಟೇ ಬಿಡಿಸಿ; ನಿಮ್ಮ ಪ್ರೋಬ್ ಫಂಕ್ಷನ್ನೂ ಆ ಹೆಸರನ್ನು ನೋಡಿ, ಬೇರೆ ಸಾಧನವಾದರೆ ಇನೋಡೆವ್ (ಅಂಥ ಸಾಧನವಿಲ್ಲ) ದೋಷ ಹಿಂದಿರುಗಿಸಲಿ.

ಕೊನೆಗೆ ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ಟಿ ಆಯ್ಕೆಯೊಂದಿಗೆ ಓಡಿಸಿ. ಡ್ರೈವರ್ ಎಂಬಲ್ಲಿ ನಿಮ್ಮ ಡ್ರೈವರ್ ಹೆಸರು ಬರಬೇಕು. ಯಾವ ಡ್ರೈವರ್‌ನ ಹೆಸರೂ ಇಲ್ಲದಿದ್ದರೆ ಯುಎಸ್‌ಬಿಹಿಡ್ ಸರಿದಿದೆ, ಆದರೆ ನಿಮ್ಮ ಮಾಡ್ಯೂಲ್ ಲೋಡ್ ಆಗಿಲ್ಲ ಅಥವಾ ಪ್ರೋಬ್ ವಿಫಲವಾಗಿದೆ. ಕಾರಣವನ್ನು ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಹುಡುಕಿ.