ಒಂದು ನಾಯಿಗೆ ಪಾರ್ವೋ ಬಂದರೆ ಇನ್ನೊಂದನ್ನು ಉಳಿಸಿಕೊಳ್ಳುವುದು ಹೇಗೆ?

ಬೆಳಿಗ್ಗೆ ಮರಿ ಮೊಸರನ್ನ ಮೂಸಿ ಹಿಂದೆ ಸರಿಯಿತು. ಮಧ್ಯಾಹ್ನ ವಾಂತಿ. ರಾತ್ರಿ ರಕ್ತ ಬೆರೆತ ಭೇದಿ. ಪಾರ್ವೋ, ಅಂದರೆ ನಾಯಿಗಳ ಕರುಳಿಗೆ ಬರುವ, ಬೇಗ ಹರಡುವ ವೈರಸ್ ಕಾಯಿಲೆ, ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಮರಿಯನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡುವ ಗಡಿಬಿಡಿಯಲ್ಲಿ ಮನೆಯ ಇನ್ನೊಂದು ನಾಯಿ ಮರೆತೇ ಹೋಗುತ್ತದೆ, ಅಲ್ವಾ?

ಹೊರಡುವ ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ, ಪಾರ್ವೋ ಇರಬಹುದು ಅಂತ ಹೇಳಿಬಿಡಿ. ಅಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ.

ಮನೆಗೆ ಬಂದ ಮೇಲೆ ಅದಕ್ಕೊಂದು ಕೋಣೆ ಬೇರೆ ಮಾಡಿ. ತೊಳೆಯಲು ಬರುವ ನೆಲ ಇರಲಿ, ಕಾರ್ಪೆಟ್ ಬೇಡವೇ ಬೇಡ. ತಟ್ಟೆ, ಹಾಸಿಗೆ, ಬೆಲ್ಟ್ ಎಲ್ಲ ಬೇರೆ. ಊಟ ಹಾಕುವುದು, ಮುದ್ದು ಮಾಡುವುದು ಮೊದಲು ಚೆನ್ನಾಗಿರುವ ನಾಯಿಗೆ, ಆಮೇಲೆ ಕಾಯಿಲೆಯದಕ್ಕೆ. ಉಲ್ಟಾ ಆಗಬಾರದು. ಆ ಕೋಣೆಗೆ ಅಂತಲೇ ಒಂದು ಹಳೇ ಅಂಗಿ, ಒಂದು ಜೊತೆ ಚಪ್ಪಲಿ ಬಾಗಿಲ ಬಳಿ ಇಡಿ. ಹೊರಗೆ ಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರನ್ನು ನಂಬಬೇಡಿ, ಈ ವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಇನ್ನು ಸ್ವಚ್ಛತೆ. ಎಲ್ಲರೂ ಎಡವುವುದು ಇಲ್ಲೇ. ನಾನೂ ಒಮ್ಮೆ ಮನೆಯಿಡೀ ಫಿನೈಲ್ ಹಾಕಿ ಒರೆಸಿ, ಗೆದ್ದೆ ಅಂದುಕೊಂಡಿದ್ದೆ. ಘಮ್ ಅಂದಿದ್ದು ಮನೆ, ವೈರಸ್‌ಗೆ ಏನೂ ಆಗಿರಲಿಲ್ಲ. ನೆಲದಲ್ಲಿ, ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಬದುಕಿರುತ್ತದೆ. ಕೈಗೆಟುಕುವ ಮದ್ದು ಅಂದರೆ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಮೊದಲು ಹೇಲು, ವಾಂತಿಯನ್ನು ಕಾಗದದಲ್ಲಿ ಬಾಚಿ ಕವರ್‌ಗೆ ಹಾಕಿ ಗಂಟು ಕಟ್ಟಿ. ಸೋಪು ನೀರಲ್ಲಿ ಉಜ್ಜಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚ್‌ನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಆಮೇಲೆ 1 ಲೋಟ ಬ್ಲೀಚ್‌ಗೆ 30 ಲೋಟ ನೀರು ಬೆರೆಸಿ ನೆಲಕ್ಕೆ ಹಾಕಿ, 10 ನಿಮಿಷ ಒದ್ದೆಯಾಗಿಯೇ ಬಿಡಿ. ಸುಮ್ನೆ ಒಂದು ಸಲ ಒರೆಸಿಬಿಟ್ಟರೆ ಆಗಲ್ಲ. ಕಿಟಕಿ ತೆರೆದಿರಲಿ. ಆಸಿಡ್, ಫಿನೈಲ್ ಜೊತೆ ಬ್ಲೀಚ್ ಬೆರೆಸಲೇಬೇಡಿ. ಆಸಿಡ್ ಸೇರಿದರೆ ವಿಷಗಾಳಿ ಏಳುತ್ತದೆ. ಕೊನೆಗೆ ನೀರು ಹಾಕಿ ತೊಳೆದು, ಒಣಗಿದ ಮೇಲೆ ನಾಯಿಯನ್ನು ಬಿಡಿ.

ಅಂಗಳದ ಮಣ್ಣಿಗೆ ಬ್ಲೀಚ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಗೆ ನಾಯಿಮರಿಗಳನ್ನು ಬಿಡದಿರುವುದೇ ದಾರಿ.

ಚೆನ್ನಾಗಿರುವ ನಾಯಿಯ ಮೇಲೆ ಎರಡು ವಾರ ಕಣ್ಣಿಡಿ. ರೋಗ ಕಾಣುವ ಮೊದಲೇ ಮರಿಯ ಹೇಲಿನಲ್ಲಿ ವೈರಸ್ ಬರುತ್ತಿರುತ್ತದೆ, ಹಾಗಾಗಿ ಇದಕ್ಕೂ ತಗುಲಿರಬಹುದು. ಲಸಿಕೆ ಕಾರ್ಡ್ ಹುಡುಕಿ ಡಾಕ್ಟರಿಗೆ ತೋರಿಸಿ. ನಾಯಿ ಮಾರಿದ ಅಂಗಡಿಯವರು ‘ಒಂದು ಇಂಜೆಕ್ಷನ್ ಆಗಿದೆ’ ಅಂದರೆ ಸಾಲದು. ತಾಯಿಹಾಲಿನಿಂದ ಬಂದ ರಕ್ಷಣೆಯೇ ಮೊದಲ ಲಸಿಕೆಗೆ ಅಡ್ಡ ಬರಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 16 ವಾರ ತುಂಬುವವರೆಗೆ 2ರಿಂದ 4 ವಾರಕ್ಕೊಮ್ಮೆ ಹಾಕಿಸುವುದು. ಆಮೇಲೆ ಒಂದು ವರ್ಷದೊಳಗೆ ಒಂದು ಬೂಸ್ಟರ್.

ಮರಿ ಗುಣವಾಗಿ ಕುಣಿಯತೊಡಗಿದರೂ ಇನ್ನೆರಡು ವಾರ ಒಟ್ಟಿಗೆ ಬಿಡಬೇಡಿ. ಬಾಗಿಲಿನ ಆಚೆ ಈಚೆ ಎರಡೂ ಕುಂಯ್ ಕುಂಯ್ ಅನ್ನುತ್ತವೆ. ಅನ್ನಲಿ ಬಿಡಿ.