ಏರಿಯಾ ಹಂಚುವ ಮೊದಲು ಐಪಿ ಪಟ್ಟಿ ನೋಡಿದೆ

ನಮ್ಮ ಬ್ರಾಂಚುಗಳ ಸಿಸ್ಕೊ ರೌಟರುಗಳೆಲ್ಲ ಬಹುಕಾಲ ಓಎಸ್‌ಪಿಎಫ್‌ನ (ರೌಟರುಗಳು ತಮ್ಮೊಳಗೆ ದಾರಿ ತಿಳಿಸಿಕೊಳ್ಳುವ ಪ್ರೋಟೊಕಾಲ್) ಏರಿಯಾ 0, ಅಂದರೆ ಬೆನ್ನೆಲುಬಿನಂಥ ಮುಖ್ಯ ಗುಂಪು, ಅದೊಂದರಲ್ಲೇ ಇದ್ದವು. ಹಾಗಿದ್ದರೆ ತಪ್ಪೇನಿಲ್ಲ, ಈಗಿನ ಪ್ರೊಸೆಸರುಗಳಿಗೆ ಅಷ್ಟು ಲೆಕ್ಕ ಭಾರವೂ ಅಲ್ಲ. ಕಾಟ ಕೊಟ್ಟದ್ದು ಮಳೆಗಾಲ. ಮಲೆನಾಡಿನ ಒಂದು ಲಿಂಕ್ ಬಿದ್ದೆದ್ದು ಮಾಡಿದರೆ ಕಲಬುರಗಿಯ ರೌಟರಿಗೂ ಸುದ್ದಿ ಹೋಗಿ, ಅದೂ ಎಸ್‌ಪಿಎಫ್ ಲೆಕ್ಕವನ್ನು, ಅಂದರೆ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು, ಮೊದಲಿನಿಂದ ಹಾಕುತ್ತಿತ್ತು. ರೌಟರುಗಳನ್ನು ಬೇರೆ ಬೇರೆ ಏರಿಯಾಗಳಿಗೆ ಹಂಚಿದರೆ ಈ ಲೆಕ್ಕ ಆಯಾ ಏರಿಯಾದೊಳಗೇ ಉಳಿಯುತ್ತದೆ.

ಏರಿಯಾ ಎಂದೊಡನೆ ಎಲ್ಲರೂ ನಕ್ಷೆ ಬಿಡಿಸಿ ಜಿಲ್ಲೆವಾರು ಗೆರೆ ಎಳೆಯುತ್ತಾರೆ. ನಾನು ಐಪಿ ಪಟ್ಟಿ ಹಿಡಿದು ಕೂತೆ. ಒಂದು ಏರಿಯಾದ ಸಬ್‌ನೆಟ್ಟುಗಳು (ಐಪಿ ವಿಳಾಸಗಳ ಸಣ್ಣ ಗುಂಪುಗಳು) ಒಂದೇ ಬ್ಲಾಕಿನಲ್ಲಿ ಇಲ್ಲದಿದ್ದರೆ ಗಡಿಯ ರೌಟರು, ಅಂದರೆ ಎಬಿಆರ್, ಪ್ರತಿಯೊಂದನ್ನೂ ಟೈಪ್ 3 ಎಲ್‌ಎಸ್‌ಎ (ರೂಟಿನ ಸುದ್ದಿ ಒಯ್ಯುವ ಸಂದೇಶ) ಆಗಿ ಆಚೆ ದಾಟಿಸುತ್ತದೆ. ಒಂದು ಸಬ್‌ನೆಟ್ ಹೋಗಿ ಬಂದರೂ ಆಚೆಯವರಿಗೆ ಗೊತ್ತಾಗುತ್ತದೆ. ಗೆರೆ ಎಳೆದ ಲಾಭ ಅರ್ಧಕ್ಕರ್ಧ ಹೋಯಿತು. ಹಾಗಾಗಿ ಮೈಸೂರು ಕಡೆಗೆ (ಏರಿಯಾ 1) 10.1, ಹುಬ್ಬಳ್ಳಿ ಕಡೆಗೆ (ಏರಿಯಾ 2) 10.2, ಶಿವಮೊಗ್ಗ ಕಡೆಗೆ (ಏರಿಯಾ 3) 10.3 ಎಂದು ಮೊದಲು ವಿಳಾಸ ಬದಲಿಸಿದೆವು. ಡಿಎಚ್‌ಸಿಪಿ ಇದ್ದ ಕಂಪ್ಯೂಟರುಗಳದ್ದು ಸಲೀಸು. ಕೈಯಾರೆ ಐಪಿ ಕೊಟ್ಟಿದ್ದ ಪ್ರಿಂಟರು, ಸಿಸಿಟಿವಿಗಳೇ ಜೀವ ತಿಂದದ್ದು.

ಆಮೇಲಿನ ಕಮಾಂಡುಗಳು ಕೆಲವೇ. ‘ನೆಟ್‌ವರ್ಕ್’ ಸಾಲಿನಲ್ಲಿ ತಿರುಗಿಸಿದ ಮಾಸ್ಕ್ ಬರೆಯುವ ಬದಲು ಇಂಟರ್‌ಫೇಸಿನ ಮೇಲೇ ‘ಐಪಿ ಓಎಸ್‌ಪಿಎಫ್ 1 ಏರಿಯಾ 1’ ಹಾಕುವುದು ನನಗಿಷ್ಟ. ಯಾವ ಪೋರ್ಟು ಯಾವ ಏರಿಯಾ ಎಂದು ಅಲ್ಲೇ ಕಾಣುತ್ತದೆ. ಎಬಿಆರ್‌ನಲ್ಲಿ ‘ಏರಿಯಾ 1 ರೇಂಜ್ 10.1.0.0 255.255.0.0’ ಕೊಟ್ಟೆ. ಆಚೆಗೆ ಒಂದೇ ರೂಟ್ ಹೋಗುತ್ತದೆ. ಎಬಿಆರ್ ತನ್ನಲ್ಲಿ ಅದೇ ಬ್ಲಾಕಿಗೆ ನಲ್ 0 (ಪ್ಯಾಕೆಟ್ ಬಿಸಾಡುವ) ರೂಟನ್ನೂ ಹಾಕಿಕೊಳ್ಳುತ್ತದೆ. ಅದು ಲೂಪ್ ತಡೆಯಲಿಕ್ಕೆ, ಕಂಡು ಗಾಬರಿಯಾಗಬೇಡಿ.

ಬ್ರಾಂಚಿಗೆ ಹೊರದಾರಿ ಒಂದೇ ಆದ್ದರಿಂದ ಅವುಗಳಿಗೆ ಹೊರಗಿನ ರೂಟುಗಳ ಪಟ್ಟಿ ಬೇಕಿಲ್ಲ. ಏರಿಯಾದ ಎಲ್ಲ ರೌಟರುಗಳಲ್ಲಿ ‘ಏರಿಯಾ 1 ಸ್ಟಬ್’, ಎಬಿಆರ್‌ನಲ್ಲಿ ಮಾತ್ರ ಕೊನೆಗೆ ‘ನೋ-ಸಮ್ಮರಿ’ (ಬೇರೆ ಏರಿಯಾಗಳ ರೂಟುಗಳೂ ಒಳಬರದಂತೆ). ಸ್ಟಬ್ ಎಂಬ ಗುರುತು ರೌಟರುಗಳು ಪರಸ್ಪರ ಕಳಿಸುವ ಹೆಲೋ ಪ್ಯಾಕೆಟ್ಟಿನಲ್ಲೇ ಇರುವುದರಿಂದ ಎರಡು ತುದಿಯೂ ಒಂದೇ ಆಗದಿದ್ದರೆ ನೆರೆಸಂಬಂಧ ಕಡಿಯುತ್ತದೆ. ಬೆಂಗಳೂರಿನಲ್ಲಿ ಕೂತು ಮಾಡುವಾಗ ದೂರದ ರೌಟರನ್ನೇ ಮೊದಲು ಬದಲಿಸಬೇಕು. ಅದಕ್ಕೂ ಮುಂಚೆ ಅದರಲ್ಲಿ ‘ರಿಲೋಡ್ ಇನ್ 15’ ಕೊಟ್ಟು, ಹೊಸ ಕಾನ್ಫಿಗ್ ಸೇವ್ ಮಾಡದೆ ಬಿಡುತ್ತಿದ್ದೆ. ಕೈತಪ್ಪಿದರೆ ರೌಟರು ತಾನೇ ರಿಬೂಟಾಗಿ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಸರಿಯಾದರೆ ‘ರಿಲೋಡ್ ಕ್ಯಾನ್ಸಲ್’, ಆಮೇಲೆ ಸೇವ್. ಸರಿಯಾಯಿತೆಂದು ನೋಡುವುದು ‘ಶೋ ಐಪಿ ರೂಟ್’‌ನಲ್ಲಿ: ತನ್ನ ಏರಿಯಾದ ರೂಟುಗಳು, ಹೊರಕ್ಕೆ ಎಬಿಆರ್ ಕೊಟ್ಟ ಡಿಫಾಲ್ಟ್ (ಮಿಕ್ಕೆಲ್ಲದಕ್ಕೂ ಹಿಡಿಯುವ ದಾರಿ) ಒಂದೇ.

ಹುಬ್ಬಳ್ಳಿ ಕಡೆ ಒಂದು ಬ್ರಾಂಚಿಗೆ ಬೇರೆ ಸಂಸ್ಥೆಯ ನೆಟ್‌ವರ್ಕಿಗೆ ಕೈಯಾರೆ ಬರೆದ ಸ್ಟಾಟಿಕ್ ರೂಟ್ ಇತ್ತು. ಸ್ಟಬ್‌ನೊಳಗೆ ಅದನ್ನು ರಿಡಿಸ್ಟ್ರಿಬ್ಯೂಟ್ ಮಾಡಲಾಗದು, ಅಂದರೆ ಓಎಸ್‌ಪಿಎಫ್‌ಗೆ ಸೇರಿಸಲಾಗದು, ಅದಕ್ಕೇ ಏರಿಯಾ 2 ಎನ್‌ಎಸ್‌ಎಸ್‌ಎ (ಹೊರಗಿನ ರೂಟ್ ಸೇರಿಸಲು ಬಿಡುವ ಸ್ಟಬ್) ಆಯಿತು. ಅಲ್ಲಿ ಡಿಫಾಲ್ಟ್ ರೂಟ್ ತಾನಾಗಿ ಬರುವುದಿಲ್ಲ. ಎಬಿಆರ್‌ನಲ್ಲಿ ‘ನೋ-ಸಮ್ಮರಿ’ ಸೇರಿಸಿದ ಮೇಲೆ ಬಂತು.

ಶಿವಮೊಗ್ಗದಾಚೆಯ ಬ್ರಾಂಚುಗಳನ್ನು ಬೇರೆ ಏರಿಯಾ ಮಾಡಿ, ಏರಿಯಾ 3ನ್ನು ಹಾದು ಏರಿಯಾ 0ಕ್ಕೆ ವರ್ಚುವಲ್ ಲಿಂಕ್ ಹಾಕೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಸ್ಟಬ್ ಏರಿಯಾ ಹಾದು ವರ್ಚುವಲ್ ಲಿಂಕ್ ಹೋಗುವುದಿಲ್ಲ. ಅವನ್ನೂ ಏರಿಯಾ 3ಕ್ಕೇ ಸೇರಿಸಿದೆವು.